ಕಾರ್ಡ್ ಬದಲಾಯಿತು, ಬಾಗಿಲು ತೆರೆದೇ ಇತ್ತು

ಊರಿನ ಮನೆಯ ಮಾಡು ಮಳೆಗಾಲಕ್ಕೆ ಮೊದಲು ರಿಪೇರಿ ಮಾಡಿಸಬೇಕು ಅಂತ ನಾವು ಸ್ವಲ್ಪ ಸ್ವಲ್ಪವಾಗಿ 41 ಸಾವಿರ ರೂಪಾಯಿ ಕೂಡಿಟ್ಟಿದ್ದೆವು. ಮದ್ರಸ ಅಧ್ಯಾಪಕನ ಸಂಬಳದಲ್ಲಿ ಅಷ್ಟು ಉಳಿಸಲು ಎರಡು ವರ್ಷ ಬೇಕಾಯಿತು. ಒಂದು ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಅದು ಹೋಯಿತು. ಹಣ ಹೋದದ್ದಕ್ಕಿಂತ ಹೆಚ್ಚು ನಾಚಿಕೆ ಆದದ್ದು ಬೇರೆ ಕಾರಣಕ್ಕೆ. ನಮಗೆ ಅದು ಮೊದಲ ಸಲ ಅಲ್ಲ, ಎರಡನೇ ಸಲ. ಮೂರನೆಯದ್ದೂ ಆಗುವುದರಲ್ಲಿತ್ತು.

ಈ ವಿಷಯ ಪತ್ರಿಕೆಯಲ್ಲಿ ಬರೆಯಬೇಕೋ ಬೇಡವೋ ಅಂತ ಬಹಳ ದಿನ ಯೋಚಿಸಿದೆವು. ಮಕ್ಕಳಿಗೆ ಪಾಠ ಹೇಳುವ ಉಸ್ತಾದರೇ ಮೋಸ ಹೋದರಂತೆ ಅಂತ ಜನ ಆಡಿಕೊಳ್ಳುತ್ತಾರೆ ಎಂಬ ಅಳುಕು ಇತ್ತು. ಆದರೆ ಒಬ್ಬಿಬ್ಬರ ಹತ್ತಿರ ಬಾಯಿ ಬಿಟ್ಟಾಗ, ಅವರೂ ತಮ್ಮದೊಂದು ಕಥೆ ಹೇಳಿದರು. ಬಾಯಿ ಬಿಡದ ಕಾರಣಕ್ಕೇ ಎರಡು ಸಲ ಕಳೆದುಕೊಂಡವರು ನಮ್ಮಲ್ಲಿ ಹಲವರಿದ್ದಾರೆ ಅಂತ ಆಗ ಗೊತ್ತಾಯಿತು. ಅದಕ್ಕೇ ಈ ಬರಹ.

ಹಾನಗಲ್ ಕಡೆ ಪಾಠ ಹೇಳಲು ಬಂದು ನಮಗೆ 14 ವರ್ಷ ಆಯಿತು. ಘಟ್ಟ ಹತ್ತಿ ಬಂದ ನಮ್ಮಂಥ ಉಸ್ತಾದರು, ಮೀನು, ಗುಜರಿ, ಬೇಕರಿ, ಹೋಟೆಲ್ ವ್ಯಾಪಾರದವರು ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಇದ್ದೇವೆ. ದುಡಿಮೆ ಇಲ್ಲಿ, ಮನೆ ಅಲ್ಲಿ. ಖಾತೆ ಊರಿನ ಬ್ಯಾಂಕಿನಲ್ಲಿ, ಕಾರ್ಡ್ ಇಲ್ಲಿ ನಮ್ಮ ಜೇಬಿನಲ್ಲಿ. ಕಾರ್ಡ್ ಇದ್ದರೆ ಸಾಕು, ಬ್ಯಾಂಕಿನ ಮುಖ ನೋಡಬೇಕಾಗಿಲ್ಲ ಅಂತ ನಾವೆಲ್ಲ ನಂಬಿಕೊಂಡವರು. ತೊಂದರೆ ಶುರುವಾದದ್ದೂ ಅಲ್ಲಿಂದಲೇ.

ಮೂರು ಸಲ ನಡೆದದ್ದು

ಮೊದಲನೆಯದು ನಮಗೆ ಗೊತ್ತಾದದ್ದು ರಜೆಗೆ ಊರಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ. ಮೂರು ವಾರಗಳಲ್ಲಿ ನಾಲ್ಕು ಸಲ ಒಂದೇ ಮೊತ್ತ, 1,890 ರೂಪಾಯಿ ಕಡಿತ. ಒಟ್ಟು 7,560. ಯಾವುದೋ ವಿದೇಶದ ವೆಬ್‌ಸೈಟಿನ ಹೆಸರು. ಒಂದು ಮೆಸೇಜೂ ನಮಗೆ ಬಂದಿರಲಿಲ್ಲ. ಯಾಕೆ ಅಂತ ನೋಡಿದರೆ, ಖಾತೆಗೆ ಜೋಡಿಸಿದ್ದು ಹಳೆಯ ಸಿಮ್. ರೀಚಾರ್ಜ್ ಮಾಡದೆ ಅದು ಯಾವತ್ತೋ ಬಂದ್ ಆಗಿತ್ತು. ಮೆಸೇಜ್ ಬಂದಿದ್ದರೆ ಮೊದಲ ಕಡಿತದ ದಿನವೇ ತಿಳಿಯುತ್ತಿತ್ತು, ಉಳಿದ ಮೂರು ತಪ್ಪುತ್ತಿತ್ತು.

ಕಾರ್ಡಿನ ನಂಬರ್ ಹೊರಗೆ ಹೋದದ್ದು ಹೇಗೆ? ಅದಕ್ಕೆ ಮೂರ್ನಾಲ್ಕು ತಿಂಗಳ ಹಿಂದೆ ಟಿಕೆಟ್ ಬುಕ್ ಮಾಡಿಸಲು ಪರಿಚಯದವರಿಗೆ ಕಾರ್ಡಿನ ಎರಡೂ ಬದಿಯ ಫೋಟೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದೆವು. ಅವರು ಒಳ್ಳೆಯವರೇ. ಆದರೆ ಆ ಫೋಟೋ ಯಾರ ಯಾರ ಫೋನಿಗೆ ಹೋಯಿತು ಅಂತ ಯಾರಿಗೆ ಗೊತ್ತು? ಬೇರೆ ದಾರಿ ನಮಗೆ ತೋಚುವುದಿಲ್ಲ. ನಮ್ಮ ದೇಶದ ವೆಬ್‌ಸೈಟಿನಲ್ಲಿ ಕಾರ್ಡ್ ಬಳಸಿದರೆ ಓಟಿಪಿ ಕೇಳುತ್ತದೆ. ವಿದೇಶದ ಹಲವು ಕಡೆ ಕೇಳುವುದಿಲ್ಲ. ಕಾರ್ಡಿನ ನಂಬರ್, ತಿಂಗಳು-ವರ್ಷ, ಹಿಂದಿರುವ ಮೂರು ಅಂಕೆ, ಇಷ್ಟಿದ್ದರೆ ಸಾಕು.

ಬ್ಯಾಂಕಿಗೆ ಹೋಗಿ ಬಾಯಿಮಾತಲ್ಲಿ ಹೇಳಿದೆವು. ಹಳೆಯ ಕಾರ್ಡ್ ಬ್ಲಾಕ್ ಆಯಿತು, ಹೊಸ ನಂಬರ್ ಸೇರಿಸಿದರು, ಹೊಸ ಕಾರ್ಡ್ ಬಂತು. ಬರವಣಿಗೆಯಲ್ಲಿ ನಾವು ಏನೂ ಕೊಡಲಿಲ್ಲ, ಏನೂ ಕೇಳಿ ಪಡೆಯಲಿಲ್ಲ. ಕಾರ್ಡ್ ಬದಲಾಯಿತಲ್ಲ, ಮುಗಿಯಿತು ಅಂತ ಘಟ್ಟ ಹತ್ತಿದೆವು.

ಎರಡನೆಯದು ಐದು ವಾರ ಕಳೆದ ಮೇಲೆ. ಆ 7,560 ವಾಪಸ್ ಬಂತೋ ಅಂತ ಕೇಳೋಣ ಅಂದುಕೊಂಡು ಫೋನಿನಲ್ಲಿ ಬ್ಯಾಂಕಿನ ಕಸ್ಟಮರ್ ಕೇರ್ ನಂಬರ್ ಹುಡುಕಿದೆವು. ಮೇಲೆ ಕಂಡ ನಂಬರಿಗೇ ಕರೆ ಮಾಡಿದೆವು. ಆ ಕಡೆಯವನು ಬಹಳ ಮರ್ಯಾದೆಯಿಂದ ಮಾತಾಡಿದ. ರಿಫಂಡ್ ರೆಡಿ ಇದೆ ಸಾರ್, ಈ ಆ್ಯಪ್ ಹಾಕಿಕೊಳ್ಳಿ ಅಂದ. ಅದು ನಮ್ಮ ಫೋನಿನ ಪರದೆ ಅವನಿಗೆ ಕಾಣಿಸುವ ಆ್ಯಪ್. ಹೊಸ ಕಾರ್ಡಿನ ನಂಬರ್ ನಾವೇ ಒತ್ತಿದೆವು. ಓಟಿಪಿ ನಾವು ಹೇಳಲೇ ಇಲ್ಲ, ಅವನು ಪರದೆಯಲ್ಲೇ ಓದಿಕೊಂಡ. ಮೂರು ಸಲಕ್ಕೆ 41,300 ಹೋಯಿತು.

ಆಮೇಲೆ ನಾವು ಮಾಡಿದ ತಪ್ಪೇ ದೊಡ್ಡದು. ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಮನೆಯವರಿಗೂ ಹೇಳಲಿಲ್ಲ. ಐದನೇ ದಿನ ಬ್ಯಾಂಕಿಗೂ ಪೊಲೀಸರಿಗೂ ದೂರು ಕೊಡುವಷ್ಟರಲ್ಲಿ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟಿ ಆಗಿತ್ತು.

ಮೂರನೆಯದು ಎರಡು ತಿಂಗಳ ನಂತರ ಬಂದ ಕರೆ. ಸೈಬರ್ ವಿಭಾಗದಿಂದ ಮಾತಾಡ್ತಿದ್ದೇವೆ, ನಿಮ್ಮ ಹಣ ಸಿಕ್ಕಿದೆ, ಬಿಡುಗಡೆಗೆ 2,500 ರೂಪಾಯಿ ಫೀಸು ಕಟ್ಟಿ ಅಂತ. ಎಷ್ಟು ಹೋಗಿತ್ತು, ಯಾವ ದಿನ ಹೋಗಿತ್ತು ಎಲ್ಲ ಸರಿಯಾಗಿ ಹೇಳಿದ. ನಮ್ಮ ಕೈ ಆಗಲೇ ಫೋನಿನ ಮೇಲಿತ್ತು. ಅಷ್ಟರಲ್ಲಿ ಮನೆಯವರು ಬಂದು ಫೋನ್ ತೆಗೆದುಕೊಂಡು ಇಟ್ಟುಬಿಟ್ಟರು. "ಎರಡು ಸಲ ನೀವೊಬ್ಬರೇ ತೀರ್ಮಾನ ಮಾಡಿದ್ದು ಸಾಕು" ಅಂದರು. ಬೇರೇನೂ ಹೇಳಲಿಲ್ಲ.

ಕಳೆದುಕೊಂಡವನನ್ನೇ ಕಳ್ಳ ಮತ್ತೆ ಹುಡುಕಿ ಬರುತ್ತಾನೆ. ಯಾಕೆಂದರೆ ಅವನ ಹತ್ತಿರ ನಮ್ಮ ನಂಬರಿದೆ, ನಮ್ಮ ಆಸೆ ಯಾವುದು ಅಂತಲೂ ಗೊತ್ತಿದೆ. ಕಳೆದದ್ದು ವಾಪಸ್ ಬರಲಿ ಎಂಬುದೇ ಆ ಆಸೆ. ಹಣ ವಾಪಸ್ ಕೊಡಿಸಲು ಪೊಲೀಸರೂ ಫೀಸು ಕೇಳುವುದಿಲ್ಲ, ಬ್ಯಾಂಕೂ ಕೇಳುವುದಿಲ್ಲ. ಇದೊಂದು ಮಾತು ಮನೆಯ ಎಲ್ಲರಿಗೂ ಹೇಳಿಡಿ.

ಎಲ್ಲ ಸಲ ನಮ್ಮದೇ ತಪ್ಪಲ್ಲ

ಹಣ ಹೋದವರು ದಡ್ಡರು ಅಂತ ತಿಳಿಯಬೇಡಿ. 2016ರ ಅಕ್ಟೋಬರ್‌ನಲ್ಲಿ ದೇಶದಲ್ಲಿ ಸುಮಾರು 32 ಲಕ್ಷ ಡೆಬಿಟ್ ಕಾರ್ಡ್‌ಗಳ ಮಾಹಿತಿ ಸೋರಿರಬಹುದು ಅಂತ ಬ್ಯಾಂಕುಗಳೇ ಎಚ್ಚರಿಕೆ ಕೊಟ್ಟು, ಲಕ್ಷಾಂತರ ಕಾರ್ಡ್ ಬ್ಲಾಕ್ ಮಾಡಿ ಹೊಸದು ಕೊಟ್ಟವು. ಎಟಿಎಂ ನಡೆಸುವ ಸಂಸ್ಥೆಯೊಂದರ ಕಂಪ್ಯೂಟರಿಗೆ ಸೇರಿದ ದುಷ್ಟ ಸಾಫ್ಟ್‌ವೇರ್ ಅದಕ್ಕೆ ಕಾರಣ ಅಂತ ತನಿಖೆಯಲ್ಲಿ ಕಂಡುಬಂತು. ಅದರಲ್ಲಿ ಗ್ರಾಹಕನ ತಪ್ಪು ಎಳ್ಳಷ್ಟೂ ಇಲ್ಲ.

ನಮ್ಮ ಮಂಗಳೂರಿನಲ್ಲೇ 2021ರ ಫೆಬ್ರವರಿಯಲ್ಲಿ ಎಟಿಎಂಗಳಿಗೆ ಸ್ಕಿಮ್ಮರ್ ಕೂರಿಸಿ ಹಣ ತೆಗೆಯುತ್ತಿದ್ದ ಗುಂಪನ್ನು ನಗರ ಪೊಲೀಸರು ಹಿಡಿದರು. ಕಾರ್ಡ್ ತೂರಿಸುವ ಬಾಯಿಗೆ ಒಂದು ಸಾಧನ, ಪಿನ್ ಒತ್ತುವ ಜಾಗದ ಮೇಲೆ ಕಾಣದ ಹಾಗೆ ಒಂದು ಸಣ್ಣ ಕ್ಯಾಮೆರಾ. ಕಾರ್ಡಿನ ಹಿಂದಿನ ಕಪ್ಪು ಪಟ್ಟಿಯ ಮಾಹಿತಿ ನಕಲಾಗುತ್ತದೆ, ಪಿನ್ ಕ್ಯಾಮೆರಾದಲ್ಲಿ ಸೆರೆಯಾಗುತ್ತದೆ. ಕಾರ್ಡ್ ನಮ್ಮ ಜೇಬಿನಲ್ಲೇ ಇದ್ದರೂ ಹಣ ಬೇರೆ ಊರಲ್ಲಿ ಹೋಗುತ್ತದೆ.

ಪಿನ್ ಒತ್ತುವಾಗ ಇನ್ನೊಂದು ಕೈಯಿಂದ ಮುಚ್ಚಿದರೆ ಆ ಕ್ಯಾಮೆರಾಗೆ ಏನೂ ಸಿಗುವುದಿಲ್ಲ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ಮುಚ್ಚಿ ಒತ್ತಿ. ಕಾರ್ಡ್ ತೂರಿಸುವ ಬಾಯಿ ಅಲುಗಾಡಿದರೆ, ಬಣ್ಣ ಬೇರೆ ಕಂಡರೆ ಆ ಎಟಿಎಂ ಬಿಟ್ಟುಬಿಡಿ.

ಕಾರ್ಡ್ ಒಂದು, ಬಾಗಿಲು ಹಲವು

ಒಂದೇ ಮನೆಗೆ ಪದೇ ಪದೇ ಕನ್ನ ಬೀಳುತ್ತಿದ್ದರೆ ಬೀಗ ಬದಲಿಸಿದರೆ ಸಾಲದು, ಕಳ್ಳ ಯಾವ ದಾರಿಯಿಂದ ಒಳಗೆ ಬಂದ ಅಂತ ನೋಡಬೇಕು. ನಾವು ಬೀಗ ಮಾತ್ರ ಬದಲಿಸಿದೆವು. ಈ ನಾಲ್ಕು ತಾಲೂಕುಗಳಲ್ಲಿ ನಮಗೆ ಗೊತ್ತಿರುವ ಬೇರೆಯವರ ಕಥೆಯೂ ಹೆಚ್ಚುಕಡಿಮೆ ಇದೇ.

ಸವಣೂರಿನಲ್ಲಿ ಎಲೆ ವ್ಯಾಪಾರ ಮಾಡುವ ಹಿರಿಯರೊಬ್ಬರಿದ್ದಾರೆ. ಎಟಿಎಂನಲ್ಲಿ ಹಣ ಬರಲಿಲ್ಲ ಅಂತ ನಿಂತಾಗ ಹಿಂದಿದ್ದ ಹುಡುಗ ಸಹಾಯ ಮಾಡಿದ. ಕಾರ್ಡ್ ವಾಪಸ್ ಕೊಟ್ಟ. ಬಣ್ಣ ಅದೇ, ಬ್ಯಾಂಕ್ ಅದೇ, ಕಾರ್ಡ್ ಮಾತ್ರ ಬೇರೆಯವರದ್ದು. ವಾರದ ಮೇಲೆ ಮತ್ತೆ ಎಟಿಎಂಗೆ ಹೋಗಿ "ಪಿನ್ ತಪ್ಪು ಅಂತೈತ್ರಿ ಉಸ್ತಾದ್ರ" ಅಂತ ನಮ್ಮ ಹತ್ತಿರ ಬಂದರು. ಅಷ್ಟರಲ್ಲಿ ನಾಲ್ಕು ದಿನ, ದಿನಕ್ಕೆ 10 ಸಾವಿರದಂತೆ ಹೋಗಿತ್ತು. ದಿನದ ಮಿತಿ ಕಡಿಮೆ ಇದ್ದಿದ್ದರೆ, ಕಾರ್ಡಿನ ಮೇಲಿನ ಹೆಸರು ಅಲ್ಲೇ ಓದಿ ನೋಡಿದ್ದರೆ ಇಷ್ಟು ಆಗುತ್ತಿರಲಿಲ್ಲ. ಓದಲು ಬಾರದವರು ಕಾರ್ಡಿನ ಮೂಲೆಗೆ ಮಾರ್ಕರ್ ಪೆನ್ನಿನಿಂದ ತಮ್ಮದೇ ಒಂದು ಗುರುತು ಹಾಕಿಕೊಳ್ಳಲಿ. ಎಟಿಎಂನಲ್ಲಿ ತೊಂದರೆಯಾದರೆ ಕಾರ್ಡ್ ತೆಗೆದುಕೊಂಡು ಹೊರಗೆ ಬನ್ನಿ. ಅಪರಿಚಿತರ ಸಹಾಯ ಬೇಡ.

ಹಿರೇಕೆರೂರು ಕಡೆಯ ರೈತರೊಬ್ಬರ ಗೋವಿನಜೋಳದ ಹಣ ಹೋದ ರೀತಿ ಇನ್ನೂ ಬೇರೆ. "ಕಾರ್ಡ್ ಟ್ರಂಕಿನ್ಯಾಗ ಐತ್ರಿ, ಮುಟ್ಟೇ ಇಲ್ಲ, ರೊಕ್ಕ ಹೋತು" ಅಂತ ಅವರು. ಬ್ಯಾಂಕಿನವರು ಕಾರ್ಡ್ ಬದಲಿಸಿ ಕೊಟ್ಟರು, ಮತ್ತೆ ಹೋಯಿತು. ಕೊನೆಗೆ ಪಾಸ್‌ಬುಕ್ ಸರಿಯಾಗಿ ಓದಿದಾಗ ಗೊತ್ತಾಯಿತು, ಅದು ಕಾರ್ಡಿನ ದಾರಿಯೇ ಅಲ್ಲ, ಹೆಬ್ಬೆಟ್ಟಿನ ದಾರಿ. ಆಧಾರ್ ನಂಬರ್, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು ಇದ್ದರೆ ಹಣ ತೆಗೆಯುವ ವ್ಯವಸ್ಥೆಗೆ ಎಇಪಿಎಸ್ ಅನ್ನುತ್ತಾರೆ. ಅದಕ್ಕೆ ಪಿನ್ನೂ ಬೇಡ, ಓಟಿಪಿಯೂ ಬೇಡ.

ಈ ದಾರಿ ನಮ್ಮ ಕರಾವಳಿಯವರಿಗೆ ಹೊಸದಲ್ಲ. 2023ರಲ್ಲಿ ಮಂಗಳೂರಿನಲ್ಲಿ ಜಾಗದ ನೋಂದಣಿಗೆ ಉಪನೋಂದಣಿ ಕಚೇರಿಗೆ ಹೋಗಿ ಬಂದ ಹಲವರ ಖಾತೆಯಿಂದ ಹೀಗೆಯೇ ಹಣ ಹೋಗಿ ದೂರುಗಳ ಸಾಲು ಬಂತು. ದಾಖಲೆಗಳಲ್ಲಿದ್ದ ಆಧಾರ್ ನಂಬರ್, ಬೆರಳಚ್ಚು ಕಳ್ಳರ ಕೈಗೆ ಸಿಕ್ಕಿದ್ದವು. ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಅಂತ ಪೊಲೀಸರು ಆಗಲೇ ಜನರಿಗೆ ಹೇಳಿದ್ದರು. ಎಂಆಧಾರ್ ಆ್ಯಪ್‌ನಲ್ಲಿ ಅಥವಾ ಆಧಾರ್ ವೆಬ್‌ಸೈಟಿನಲ್ಲಿ ಬೆರಳಚ್ಚು ಲಾಕ್ ಮಾಡಬಹುದು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಬೇಕಾದಾಗ ಸ್ವಲ್ಪ ಹೊತ್ತು ತೆರೆದು ಮತ್ತೆ ಮುಚ್ಚಬಹುದು. ಆಧಾರ್ ಸಹಾಯವಾಣಿ 1947. ಎಇಪಿಎಸ್ ದಾರಿ ಬೇಡದವರು ಅದನ್ನು ನಿಲ್ಲಿಸಿ ಅಂತ ಬ್ಯಾಂಕಿಗೇ ಬರೆದು ಕೊಡಿ.

ಶಿಗ್ಗಾವಿಯಲ್ಲಿ ಹೆದ್ದಾರಿ ಬದಿ ಹೋಟೆಲಿನಲ್ಲಿ ಕೆಲಸಕ್ಕಿದ್ದ ಹುಡುಗನದ್ದು ಉಲ್ಟಾ ಕಥೆ. ಖಾತೆ ತೆರೆದು ಕಾರ್ಡ್ ಮತ್ತು ಸಿಮ್ ಕೊಟ್ಟರೆ ತಿಂಗಳಿಗೆ ಇಷ್ಟು ಕೊಡುತ್ತೇವೆ ಅಂತ ಯಾರೋ ಆಸೆ ಹಚ್ಚಿದರು, ಕೊಟ್ಟುಬಿಟ್ಟ. ಆ ಖಾತೆಗೆ ನಮ್ಮ ಮಾಡಿನ ದುಡ್ಡಿನಂತಹ ಯಾರದ್ದೋ ದುಡ್ಡು ಬಂತು, ಹೋಯಿತು. ಪೊಲೀಸರು ಬಂದದ್ದು ಅವನ ಬಾಗಿಲಿಗೆ. ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕು. ಕಾರ್ಡ್ ಬಾಡಿಗೆಗೆ ಕೊಡುವುದು ಅಂದರೆ ಕಳ್ಳನಿಗೆ ನಮ್ಮ ಹೆಸರನ್ನೇ ಬಾಡಿಗೆಗೆ ಕೊಟ್ಟ ಹಾಗೆ.

ಬಾಗಿಲು ಮುಚ್ಚುವುದು ಹೇಗೆ

ಇದರಲ್ಲಿ ಖರ್ಚಿನದ್ದು ಏನೂ ಇಲ್ಲ, ಒಂದು ಸಂಜೆ ಸಾಕು.

ಮೊದಲು ಫೋನ್ ನಂಬರ್. ಖಾತೆಗೆ ಜೋಡಿಸಿದ್ದು ಈಗ ನಿಮ್ಮ ಕೈಯಲ್ಲಿರುವ ನಂಬರೋ ಅಂತ ನೋಡಿ. ಬಂದ್ ಆದ ನಂಬರನ್ನು 90 ದಿನಗಳ ನಂತರ ಕಂಪನಿ ಬೇರೆಯವರಿಗೆ ಕೊಡಬಹುದು. ಆಗ ನಿಮ್ಮ ಬ್ಯಾಂಕಿನ ಮೆಸೇಜು, ಓಟಿಪಿ ಎರಡೂ ಅವರ ಫೋನಿಗೆ. ಗಲ್ಫಿಗೆ ಹೋದವರ, ಘಟ್ಟ ಹತ್ತಿದವರ ಮನೆಗಳಲ್ಲಿ ಇದು ಸಾಮಾನ್ಯ. ಇದ್ದಕ್ಕಿದ್ದಂತೆ ಸಿಮ್‌ಗೆ ಸಿಗ್ನಲ್ ಪೂರ್ತಿ ಹೋಗಿ ಬರದೇ ಇದ್ದರೆ, ನಿಮ್ಮ ಹೆಸರಲ್ಲಿ ಬೇರೆ ಯಾರಾದರೂ ಡುಪ್ಲಿಕೇಟ್ ಸಿಮ್ ತೆಗೆದರೋ ಅಂತ ಕಂಪನಿಗೆ ಅವತ್ತೇ ಕೇಳಿ.

ಎರಡನೆಯದು ಕಾರ್ಡಿನ ಸ್ವಿಚ್ಚುಗಳು. ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಒಂದು ನಿಯಮ ತಂದಿತು. ಹೊಸ ಕಾರ್ಡ್ ಕೊಡುವಾಗ ಅದು ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಯಂತ್ರದಲ್ಲಿ ಮಾತ್ರ ನಡೆಯಬೇಕು. ಆನ್‌ಲೈನ್, ವಿದೇಶ, ತಾಗಿಸಿ ಪಾವತಿ ಮಾಡುವ ಸೌಲಭ್ಯ ಗ್ರಾಹಕ ಕೇಳಿದರೆ ಮಾತ್ರ. ಒಂದೊಂದನ್ನೂ ಬೇಕಾದಾಗ ಆನ್, ಬೇಡವಾದಾಗ ಆಫ್ ಮಾಡುವ, ಮಿತಿ ಹಾಕುವ ಅವಕಾಶವನ್ನು ಬ್ಯಾಂಕ್ ದಿನದ 24 ಗಂಟೆಯೂ ಕೊಡಬೇಕು. ಆ್ಯಪ್‌ನಲ್ಲಿ ಕಾರ್ಡ್ ಸೆಟ್ಟಿಂಗ್ ಅಂತ ಇರುವಲ್ಲಿ ಇದು ಸಿಗುತ್ತದೆ. ಸ್ಮಾರ್ಟ್‌ಫೋನ್ ಇಲ್ಲದವರು ಶಾಖೆಯಲ್ಲಿ ಕೇಳಿ ಮಾಡಿಸಲಿ. ಹೊಸ ಕಾರ್ಡ್ ಬಂದಾಗ ನಾವು ಇದನ್ನು ನೋಡಲೇ ಇಲ್ಲ, "ಎಲ್ಲಾ ಆನ್ ಇರಲಿ" ಅಂತ ನಾವೇ ಹೇಳಿದ್ದೆವು. ಈಗ ವಿದೇಶ ಆಫ್. ಆನ್‌ಲೈನ್ ಆಫ್, ಏನಾದರೂ ಕೊಳ್ಳುವಾಗ ಎರಡು ನಿಮಿಷ ಆನ್. ಎಟಿಎಂ ಮಿತಿ ದಿನಕ್ಕೆ 5 ಸಾವಿರ.

ಮೂರನೆಯದು ತಾಗಿಸುವ ಕಾರ್ಡ್. ಕಾರ್ಡಿನ ಮೇಲೆ ಅಲೆಯಂತಹ ಗುರುತು ಇದ್ದರೆ ಯಂತ್ರಕ್ಕೆ ತಾಗಿಸಿದರೆ ಸಾಕು. 2021ರ ಜನವರಿ 1ರಿಂದ 5 ಸಾವಿರ ರೂಪಾಯಿವರೆಗೆ ಪಿನ್ ಬೇಡ ಅಂತ ಆಗಿದೆ. ಕಾರ್ಡ್ ಬಿದ್ದು ಸಿಕ್ಕಿದವನಿಗೂ ಪಿನ್ ಬೇಡ. ನಿಮಗೆ ಆ ಸೌಕರ್ಯ ಬೇಡವಾದರೆ ಅದನ್ನೂ ಆಫ್ ಮಾಡಿ.

ನಾಲ್ಕನೆಯದು ಫೋನ್. ಯಾರೋ ಹೇಳಿ ಹಾಕಿಸಿದ ಆ್ಯಪ್ ಇದ್ದರೆ ತೆಗೆಯಿರಿ. ಮೋಸ ಆದ ಮೇಲೆ ಕಾರ್ಡ್ ಬದಲಿಸಿ ಅದೇ ಆ್ಯಪ್ ಇಟ್ಟುಕೊಂಡರೆ ಹೊಸ ಕಾರ್ಡೂ ಅವನದ್ದೇ. ಆ್ಯಪ್ ತೆಗೆದ ಮೇಲೆ ಬ್ಯಾಂಕಿನ ಪಾಸ್‌ವರ್ಡ್, ಯುಪಿಐ ಪಿನ್, ಇಮೇಲ್ ಪಾಸ್‌ವರ್ಡ್ ಎಲ್ಲ ಬದಲಿಸಿ. ಸಾಧ್ಯವಾದರೆ ಬೇರೆ ಫೋನಿನಿಂದ. ಬ್ಯಾಂಕಿನ ನಂಬರ್ ಹುಡುಕಲು ಇಂಟರ್ನೆಟ್ ಬೇಡ. ಅದು ನಿಮ್ಮ ಕಾರ್ಡಿನ ಹಿಂದೆ, ಪಾಸ್‌ಬುಕ್ಕಿನಲ್ಲಿ ಇದೆ. ಇವತ್ತೇ ಅದನ್ನು ಫೋನಿನಲ್ಲಿ ಸೇವ್ ಮಾಡಿಡಿ. ಬ್ಯಾಂಕುಗಳ ವೆಬ್ ವಿಳಾಸ ಈಗ "ಬ್ಯಾಂಕ್ ಡಾಟ್ ಇನ್" ಅಂತ ಕೊನೆಯಾಗಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ, ಅದನ್ನೂ ಗಮನಿಸಿ.

ಐದನೆಯದು ಹಣವನ್ನು ಒಂದೇ ಕಡೆ ಇಡದಿರುವುದು. ಮದುವೆಗೆ, ಮಾಡಿಗೆ, ಆಸ್ಪತ್ರೆಗೆ ಅಂತ ಕೂಡಿಟ್ಟದ್ದು ಕಾರ್ಡ್ ಇಲ್ಲದ, ಯುಪಿಐ ಇಲ್ಲದ ಖಾತೆಯಲ್ಲಿ ಇರಲಿ. ಕಾರ್ಡಿನ ಖಾತೆಯಲ್ಲಿ ತಿಂಗಳ ಖರ್ಚಿನಷ್ಟು ಮಾತ್ರ. ಆಗ ಬಾಗಿಲು ಮುರಿದರೂ ಪೂರ್ತಿ ಮನೆ ಹೋಗುವುದಿಲ್ಲ.

ಆರನೆಯದು ಪಿನ್. ಹುಟ್ಟಿದ ವರ್ಷ ಬೇಡ, ಗಾಡಿ ನಂಬರ್ ಬೇಡ. ಕಾರ್ಡಿನ ಕವರಿನ ಮೇಲೆ ಪಿನ್ ಬರೆದಿಡುವ ಅಭ್ಯಾಸ ನಮ್ಮ ಉಮ್ಮಂದಿರಲ್ಲಿ ಬಹಳ. ಗೃಹಲಕ್ಷ್ಮಿಯ 2 ಸಾವಿರ ಬರುವ ಖಾತೆಯ ಕಾರ್ಡನ್ನು ಪಿನ್ ಸಮೇತ ಪಕ್ಕದ ಮನೆ ಹುಡುಗನ ಕೈಗೆ ಕೊಟ್ಟು ಕಳಿಸುವುದೂ ನಡೆಯುತ್ತದೆ. ಹುಡುಗ ಒಳ್ಳೆಯವನೇ ಇರಬಹುದು. ಆದರೆ ಹೆಚ್ಚುಕಡಿಮೆಯಾದರೆ ಹಣವೂ ಹೋಗುತ್ತದೆ, ನೆರೆಹೊರೆಯ ಮಾತುಕತೆಯೂ ನಿಲ್ಲುತ್ತದೆ.

ಹಣ ಹೋದ ಆ ಗಂಟೆ

ಎಷ್ಟು ಎಚ್ಚರ ಇದ್ದರೂ ಹೋಗಬಹುದು. ಹೋದ ತಕ್ಷಣ 1930ಕ್ಕೆ ಕರೆ ಮಾಡಿ. ಇದು ಸೈಬರ್ ಹಣಕಾಸು ವಂಚನೆಗೆ ಇರುವ ರಾಷ್ಟ್ರೀಯ ಸಹಾಯವಾಣಿ. ಹಣ ಹೋಗಿ ಸೇರಿದ ಖಾತೆಯಲ್ಲೇ ಅದನ್ನು ತಡೆಹಿಡಿಯುವ ವ್ಯವಸ್ಥೆ ಇದರ ಹಿಂದಿದೆ. ಕಳ್ಳ ಅದನ್ನು ದಾಟಿಸುವ ಮೊದಲು ನಮ್ಮ ಕರೆ ಹೋಗಬೇಕು, ಅಷ್ಟೇ ವಿಷಯ. ನಾವು ನಾಲ್ಕು ದಿನ ಕಳೆದದ್ದು ಇಲ್ಲಿಯೇ. ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ಎಂಬ ಸರ್ಕಾರಿ ತಾಣದಲ್ಲೂ ದೂರು ಬರೆಯಬಹುದು. ನಮ್ಮ ಈ ನಾಲ್ಕು ತಾಲೂಕಿನವರಿಗೆ ಹಾವೇರಿಯಲ್ಲಿ ಸಿಇಎನ್ ಪೊಲೀಸ್ ಠಾಣೆ ಇದೆ. ಊರಿನ ಠಾಣೆಯಲ್ಲೂ ದೂರು ಕೊಡಬಹುದು.

ಅದರ ಜೊತೆಗೇ ಬ್ಯಾಂಕಿಗೆ ಕರೆ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿ, ದೂರಿನ ನಂಬರ್ ಬರೆದುಕೊಳ್ಳಿ. ಮರುದಿನ ಶಾಖೆಗೆ ಹೋಗಿ ಬರವಣಿಗೆಯಲ್ಲಿ ಕೊಡಿ. ದೊಡ್ಡ ಭಾಷೆ ಬೇಕಾಗಿಲ್ಲ. "ಇಂಥ ದಿನ, ಇಷ್ಟು ಗಂಟೆಗೆ, ನನ್ನ ಈ ಖಾತೆಯಿಂದ ಇಷ್ಟು ರೂಪಾಯಿ ನನ್ನ ಒಪ್ಪಿಗೆ ಇಲ್ಲದೆ ಹೋಗಿದೆ. ಇಂಥ ದಿನ ನನಗೆ ಗೊತ್ತಾಯಿತು. ಕಾರ್ಡ್ ಬ್ಲಾಕ್ ಮಾಡಿ, ಯಾವ ದಾರಿಯಿಂದ ಹೋಯಿತು ಎಂದು ಬರೆದು ತಿಳಿಸಿ, ಹಣ ವಾಪಸ್ ಜಮಾ ಮಾಡಿ." ಇಷ್ಟು ಸಾಕು. ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಂಡೇ ಬನ್ನಿ. ಯಾವ ದಾರಿಯಿಂದ ಹೋಯಿತು ಎಂಬ ಪ್ರಶ್ನೆಯನ್ನು ಬಿಡಲೇಬೇಡಿ. ಹಿರೇಕೆರೂರಿನ ರೈತರು ಮೊದಲ ಸಲವೇ ಅದನ್ನು ಕೇಳಿದ್ದರೆ ಎರಡನೇ ಸಲ ಹೋಗುತ್ತಿರಲಿಲ್ಲ.

ದಿನಾಂಕದ ಸೀಲು ಯಾಕೆ ಅಂದರೆ, ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಲ್ಲಿ ಎಲ್ಲವೂ ದಿನದ ಲೆಕ್ಕದ ಮೇಲೆ ನಿಂತಿದೆ. ತಪ್ಪು ಬ್ಯಾಂಕಿನದ್ದಾದರೆ ಗ್ರಾಹಕನಿಗೆ ನಷ್ಟವೇ ಇಲ್ಲ. ಬ್ಯಾಂಕಿನದ್ದೂ ಅಲ್ಲ, ಗ್ರಾಹಕನದ್ದೂ ಅಲ್ಲ, ಮೂರನೆಯವರ ಕಡೆಯಿಂದ ಆದ ಕಳವಾದರೆ, ಬ್ಯಾಂಕಿನ ಮೆಸೇಜ್ ಬಂದ ಮೇಲೆ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಪೂರ್ತಿ ಹಣ ವಾಪಸ್. ಮೆಸೇಜ್ ಬಂದ ದಿನ ಲೆಕ್ಕಕ್ಕಿಲ್ಲ. 4ರಿಂದ 7 ದಿನದೊಳಗೆ ತಿಳಿಸಿದರೆ ನಮ್ಮ ಮೇಲೆ ಬೀಳುವ ನಷ್ಟಕ್ಕೆ ಮಿತಿ ಇದೆ: ಮೂಲ ಉಳಿತಾಯ ಖಾತೆಗೆ 5 ಸಾವಿರ, ಸಾಮಾನ್ಯ ಉಳಿತಾಯ ಖಾತೆಗೆ 10 ಸಾವಿರ. 7 ದಿನ ದಾಟಿದರೆ ಆಯಾ ಬ್ಯಾಂಕಿನ ನೀತಿಯಂತೆ. ತಿಳಿಸಿದ 10 ಕೆಲಸದ ದಿನಗಳೊಳಗೆ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು, 90 ದಿನಗಳೊಳಗೆ ದೂರು ಇತ್ಯರ್ಥ ಆಗಬೇಕು. ತಪ್ಪು ಗ್ರಾಹಕನದ್ದೇ ಅಂತ ಹೇಳುವುದಾದರೆ ಅದನ್ನು ಸಾಬೀತು ಮಾಡಬೇಕಾದವರು ಬ್ಯಾಂಕಿನವರು.

ನಮ್ಮ ಎರಡನೇ ಕಳವಿನಂತೆ ನಾವೇ ಪಿನ್, ಓಟಿಪಿ ಬಿಟ್ಟುಕೊಟ್ಟಿದ್ದರೆ? ಆ ನಷ್ಟ ನಮ್ಮದೇ. ಆದರೆ ಅದೇ ಸುತ್ತೋಲೆಯಲ್ಲಿ ಇನ್ನೊಂದು ಮಾತಿದೆ. ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಮಾತ್ರ ನಮ್ಮದು, ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದ್ದು. ಹಾಗಾಗಿ ತಪ್ಪು ನಮ್ಮದೇ ಆಗಿದ್ದರೂ ಮುಚ್ಚಿಡುವುದರಿಂದ ಲಾಭ ಕಳ್ಳನಿಗೆ ಮಾತ್ರ.

ಬ್ಯಾಂಕ್ 30 ದಿನವಾದರೂ ಉತ್ತರ ಕೊಡದಿದ್ದರೆ, ಕೊಟ್ಟ ಉತ್ತರ ಸರಿ ಕಾಣದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. 2021ರ ನವೆಂಬರ್ 12ರಿಂದ ದೇಶಕ್ಕೆಲ್ಲ ಒಂದೇ ವ್ಯವಸ್ಥೆ ಮಾಡಿದ್ದಾರೆ. ಫೀಸು ಇಲ್ಲ, ವಕೀಲರು ಬೇಡ. ಮಾಹಿತಿಗೆ 14448. ಸೀಲು ಹಾಕಿಸಿದ ಆ ಪ್ರತಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಬಾಯಿಮಾತಲ್ಲಿ ಹೇಳಿ ಬಂದ ನಮ್ಮ ಹತ್ತಿರ ಆ 7,560ಕ್ಕೆ ತೋರಿಸಲು ಒಂದು ಚೀಟಿಯೂ ಇರಲಿಲ್ಲ.

ಮನೆಯಲ್ಲಿ ಮಾತಾಡಿ

ನಮ್ಮ ಹಿರಿಯರು ವ್ಯಾಪಾರಕ್ಕೆ ಹೋಗಿ ಬಂದರೆ ರಾತ್ರಿ ಕೂತು ಲೆಕ್ಕ ಬರೆಯುತ್ತಿದ್ದರು. ಮನೆಯಲ್ಲಿ ಎಷ್ಟಿದೆ, ಯಾರಿಗೆ ಕೊಟ್ಟದ್ದು, ಯಾರಿಂದ ಬರಬೇಕಾದದ್ದು ಎಲ್ಲರಿಗೂ ಗೊತ್ತಿರುತ್ತಿತ್ತು. ಕಾರ್ಡ್ ಬಂದ ಮೇಲೆ ಆ ಲೆಕ್ಕ ಒಬ್ಬರ ಫೋನಿನೊಳಗೆ ಸೇರಿಕೊಂಡಿತು. ಹೋದರೂ ಒಬ್ಬರಿಗೇ ಗೊತ್ತು.

ಈಗ ನಮ್ಮ ಮನೆಯಲ್ಲಿ ಮೂರು ರೂಢಿ ಆಗಿದೆ. ತಿಂಗಳಿಗೊಮ್ಮೆ ಪಾಸ್‌ಬುಕ್ ಎಂಟ್ರಿ ಮಾಡಿಸಿ ಇಬ್ಬರೂ ಕೂತು ಓದುತ್ತೇವೆ. ಹಣದ ವಿಷಯಕ್ಕೆ ಯಾರೇ ಕರೆ ಮಾಡಲಿ, ಮನೆಯವರ ಹತ್ತಿರ ಕೇಳಿ ಹೇಳ್ತೇವೆ ಅಂತ ಇಟ್ಟುಬಿಡುತ್ತೇವೆ. ನಿಜವಾದ ಬ್ಯಾಂಕಿನವರು ಅದಕ್ಕೆ ಬೇಸರ ಮಾಡುವುದಿಲ್ಲ, ಕಳ್ಳ ಮಾತ್ರ ಅವಸರ ಮಾಡುತ್ತಾನೆ. ಮೂರನೆಯದು, 1930 ಎಂಬ ನಂಬರನ್ನು ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದು ಹಾಕಿದ್ದೇವೆ.

ಮದ್ರಸದ ದೊಡ್ಡ ತರಗತಿಯ ಮಕ್ಕಳಿಗೂ ಒಂದು ಕೆಲಸ ಕೊಟ್ಟೆವು. ಮನೆಯ ಹಿರಿಯರ ಕಾರ್ಡಿಗೆ ಯಾವ ನಂಬರ್ ಜೋಡಿಸಿದೆ ಅಂತ ಕೇಳಿ ಬನ್ನಿ, ಪಿನ್ ಮಾತ್ರ ಕೇಳಬೇಡಿ ಅಂತ. ಮರುದಿನ ಹಲವು ಮಕ್ಕಳು ಬಂದು ಹೇಳಿದ್ದು ಒಂದೇ, "ಅದು ಹಳೇ ನಂಬರ್ ಉಸ್ತಾದ್, ಈಗ ಇಲ್ಲ". ನಿಮ್ಮ ಜಮಾಅತಿನಲ್ಲೂ ಇದನ್ನು ಕೇಳಿ ನೋಡಬಹುದು.

ಊರಿನ ಮಾಡಿಗೆ ಆ ಮಳೆಗಾಲ ಟರ್ಪಾಲು ಹೊದೆಸಿದೆವು. ಈ ವರ್ಷ ಮತ್ತೆ ಕೂಡಿಡುತ್ತಿದ್ದೇವೆ, ಕಾರ್ಡ್ ಇಲ್ಲದ ಖಾತೆಯಲ್ಲಿ. ಪಾಸ್‌ಬುಕ್ ಮನೆಯವರ ಹತ್ತಿರ ಇದೆ.